ದಂತವೈದ್ಯಕೀಯ ಪ್ರವೇಶ ಪರೀಕ್ಷೆ: ಜೀವಶಾಸ್ತ್ರದ ಅಧ್ಯಯನ

ಛತ್ರಪತಿ ಸಂಭಾಜಿನಗರದ ಸರ್ಕಾರಿ ದಂತವೈದ್ಯಕೀಯ ಮಹಾವಿದ್ಯಾಲಯವು 1982ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ವ್ಯಾಸಂಗ ಪೂರೈಸಿದವರಿಗೆ ಪದವಿ ನೀಡುವುದು, ನಾಸಿಕ್‌ನಲ್ಲಿ 1998ರಲ್ಲಿ ಆರಂಭವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರ ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. 1956ರವರೆಗೆ ಕಲಬುರಗಿ, ಬೀದರ್, ರಾಯಚೂರುಗಳಂತೆ ಅದೂ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಉದ್ಯೋಗ ನಿಮಿತ್ತ ಈ ಎರಡು ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ದಂತವೈದ್ಯರಾಗಬಯಸಿದಲ್ಲಿ ಎದುರಿಸಬೇಕಾದುದು ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆಯನ್ನು, ಅಂದರೆ ನೀಟ್ ಪರೀಕ್ಷೆಯನ್ನು. ವೈದ್ಯಕೀಯ ಹಾಗೂ ದಂತವೈದ್ಯಕೀಯ ಶಿಕ್ಷಣಗಳೆರಡಕ್ಕೂ ಇದೊಂದೇ ಪರೀಕ್ಷೆ.

2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 720 ಅಂಕಗಳಿದ್ದವು. ಅವುಗಳಲ್ಲಿ 90 ಪ್ರಶ್ನೆಗಳು, ಅಂದರೆ ಸರಿಯಾಗಿ ಅರ್ಧ, ಜೀವಶಾಸ್ತ್ರಕ್ಕೆ ಸಂಬಂಧಿಸಿದವು. ಸರಿಯುತ್ತರಕ್ಕೆ 4 ಅಂಕ ದೊರೆತರೆ, ತಪ್ಪುತ್ತರಕ್ಕೆ 1 ಅಂಕ ಕಳೆಯಲಾಗುತ್ತಿತ್ತು. ಭೌತಶಾಸ್ತ್ರದಲ್ಲಿ ಲೆಕ್ಕ ತಪ್ಪಬಹುದು. ಜೀವಶಾಸ್ತ್ರದಲ್ಲಿ ತಪ್ಪುವುದು ಬಹುತೇಕ ಪದಗಳ ತಿಳಿವಳಿಕೆಯಲ್ಲಿ.

ಕನ್ನಡ ಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನೀಟ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಲು ಅವಕಾಶವಿದೆ. ಆದರೆ ಕನ್ನಡದ ಪ್ರಶ್ನೆಪುಸ್ತಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ನಾಸಿಕ್‌ನ ಕೇಂದ್ರದಲ್ಲಿ ಕುಳಿತವರು ಇಂಗ್ಲಿಷ್, ಹಿಂದಿ, ಉರ್ದು ಅಥವಾ ಮರಾಠಿಯನ್ನು ಆರಿಸಿಕೊಳ್ಳಬೇಕು. ಮರಾಠಿ ಪುಸ್ತಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ; ಅನುವಾದದಲ್ಲಿ ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ. ಆದುದರಿಂದ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂಬ ಮೂರು ನೆಲೆಗಳಲ್ಲಿ ಒಂದೇ ಅಂಗವನ್ನು ಗುರುತಿಸಬೇಕಾಗುತ್ತದೆ.

ಇಲ್ಲಿಯ ತೊಡಕು ಸಣ್ಣದಲ್ಲ. ಮರಾಠಿಯಲ್ಲಿ 'ಪೇಶಿ' ಎಂದರೆ ಜೀವಕೋಶ, ಅಂದರೆ ಇಂಗ್ಲಿಷಿನ ಸೆಲ್. ಕನ್ನಡದಲ್ಲಿ 'ಮಾಂಸಪೇಶಿ' ಎಂದರೆ ಸ್ನಾಯು, ಅಂದರೆ ಮಸಲ್. ಕನ್ನಡದೊಳಗೂ ಎಚ್ಚರ ಬೇಕು. ಜೀವಕೋಶವೆಂಬ ಸೂಕ್ಷ್ಮ ಘಟಕಕ್ಕೆ ಬಳಸುವ 'ಕೋಶ'ವನ್ನೇ ಶ್ವಾಸಕೋಶ, ಮೂತ್ರಕೋಶ, ಗರ್ಭಕೋಶ, ಪಿತ್ತಕೋಶ ಎಂಬ ಇಡೀ ಅಂಗಗಳಿಗೂ ಬಳಸುತ್ತೇವೆ. (ಶಬ್ದಕೋಶದ ಮಾತು ಬೇರೆ.) 'ಮೂತ್ರನಾಳ' ಎಂಬ ಪದ ಆಡುಮಾತಿನಲ್ಲಿ ಎರಡು ನಾಳಗಳಿಗೂ ಸಲ್ಲುತ್ತದೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವುದು ಯುರೇಟರ್. ಮೂತ್ರಕೋಶದಿಂದ ಹೊರಕ್ಕೆ ಹೋಗುವುದು ಯುರೀತ್ರಾ. ಮೈಟಾಸಿಸ್‌ನಲ್ಲಿ ಒಂದು ಜೀವಕೋಶದಿಂದ ಎರಡಾಗುತ್ತವೆ, ವರ್ಣತಂತುಗಳ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಮಿಯಾಸಿಸ್‌ನಲ್ಲಿ ನಾಲ್ಕಾಗುತ್ತವೆ, ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಕೇವಲ ಕಂಠಪಾಠದಿಂದ ಇಂಥ ಜೋಡಿಗಳು ನಿಲ್ಲುವುದಿಲ್ಲ. ಚಿತ್ರವನ್ನು ಸ್ವತಃ ಬರೆದು, ಪ್ರತಿಯೊಂದು ಭಾಗದ ಎದುರಿಗೆ ಮೂರೂ ಭಾಷೆಗಳ ಹೆಸರನ್ನು ನಮೂದಿಸುವ ಒಂದು ನೋಟ್‌ಪುಸ್ತಕವು ಹಲವು ಮಾರ್ಗದರ್ಶಿಗಳಿಗಿಂತ ಹೆಚ್ಚು ಉಪಯುಕ್ತ. ಅರ್ಥವನ್ನು ಕನ್ನಡದಲ್ಲಿ ಗ್ರಹಿಸಿ, ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದರಿಂದ ನಷ್ಟವೇನೂ ಇಲ್ಲ.

ಓದಬೇಕಾದ ಮೂಲ ಪುಸ್ತಕಗಳು ಎನ್.ಸಿ.ಇ.ಆರ್.ಟಿ.ಯ 11 ಮತ್ತು 12ನೆಯ ತರಗತಿಗಳ ಜೀವಶಾಸ್ತ್ರ ಪಠ್ಯಗಳು. ಮಹಾರಾಷ್ಟ್ರ ರಾಜ್ಯ ಮಂಡಳಿಯ ಪುಸ್ತಕವನ್ನು ಓದಿದವರು ಇವನ್ನೂ ಸಾಲುಸಾಲಾಗಿ ಓದುವುದು ಒಳಿತು. ಪ್ರಶ್ನೆಗಳು ಅನೇಕ ವೇಳೆ ಇವುಗಳ ವಾಕ್ಯಗಳಿಗೆ ಸಮೀಪವಾಗಿಯೇ ಇರುತ್ತವೆ.

ಪಠ್ಯಕ್ರಮವನ್ನು ಮೊದಲು ಪರಿಶೀಲಿಸಬೇಕು. ಮಾನವನ ಬಾಯಲ್ಲಿ ಪ್ರತಿ ದವಡೆಯ ಅರ್ಧಭಾಗದಲ್ಲಿ 2 ಬಾಚಿಹಲ್ಲು, 1 ಕೋರೆಹಲ್ಲು, 2 ಮುಂದವಡೆ, 3 ಹಿಂದವಡೆ ಹಲ್ಲುಗಳಂತೆ ಒಟ್ಟು 32 ಶಾಶ್ವತ ಹಲ್ಲುಗಳಿವೆ ಎಂಬ ವಿವರ ಬರುವುದು ಜೀರ್ಣಕ್ರಿಯೆಯ ಅಧ್ಯಾಯದಲ್ಲಿ. ಆ ಅಧ್ಯಾಯವನ್ನೇ 2024ರ ಪರಿಷ್ಕೃತ ಪಠ್ಯಕ್ರಮದಿಂದ ಕೈಬಿಡಲಾಯಿತು! ದಂತವೈದ್ಯರಾಗಬಯಸುವವರು ಹಲ್ಲಿನ ಪಾಠವನ್ನೇ ಓದದೆ ಪ್ರವೇಶ ಪಡೆಯುವ ವಿಚಿತ್ರ ಸನ್ನಿವೇಶವಿದು. ಹಳೆಯ ಮಾರ್ಗದರ್ಶಿಗಳಲ್ಲಿ ಸಸ್ಯಗಳ ಖನಿಜ ಪೋಷಣೆಯಂತೆ ಈ ಭಾಗವೂ ಇರುವುದರಿಂದ ಸಮಯ ವ್ಯರ್ಥವಾಗಬಹುದು. ಹಲ್ಲಿನ ಬಗ್ಗೆ ಕುತೂಹಲವುಳ್ಳವರಿಗೆ ಅಸ್ಥಿಪಂಜರದ ಪಾಠ ಹಾಗೂ ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಹೆಚ್ಚಿಸುವ ಪ್ಯಾರಾಥೈರಾಯಿಡ್ ಗ್ರಂಥಿಯ ಪಾಠ ಉಳಿದಿವೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಮತ್ತೊಂದು ಅಂಶ ಗಮನಾರ್ಹ. 2022ರಿಂದ 2024ರವರೆಗೆ 200 ಪ್ರಶ್ನೆಗಳಲ್ಲಿ 180ನ್ನು ಆಯ್ದು 200 ನಿಮಿಷಗಳಲ್ಲಿ ಉತ್ತರಿಸಬೇಕಿತ್ತು. 2025ರಲ್ಲಿ ಆಯ್ಕೆಯೂ ಹೋಯಿತು, ಅವಧಿಯೂ 180 ನಿಮಿಷಕ್ಕೆ ಇಳಿಯಿತು. ಆದಕಾರಣ ಜೀವಶಾಸ್ತ್ರದ 90 ಪ್ರಶ್ನೆಗಳನ್ನು ಸುಮಾರು 50 ನಿಮಿಷಗಳಲ್ಲಿ ಮುಗಿಸುವ ಅಭ್ಯಾಸವನ್ನು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಮನೆಯಲ್ಲಿಯೇ ಮಾಡಿಕೊಳ್ಳತಕ್ಕದ್ದು. ಉಳಿದ ವೇಳೆಯು ಭೌತಶಾಸ್ತ್ರದ ಲೆಕ್ಕಗಳಿಗೆ ಬೇಕಾಗುತ್ತದೆ.