ಕಡಲೆಯ ಹಸಿರು ಹುಳು: ಹೊಡೆಯುವ ಮೊದಲು ಎಣಿಸೋಣ



ಆದವಾನಿ, ಆಲೂರು ಕಡೆಯ ಎರೆಹೊಲಗಳಲ್ಲಿ ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ ಕ್ರಿಸ್ಮಸ್ ಹೊತ್ತಿಗೆ ಹೂವು ಕಾಯಿ ಹಿಡಿದಿರುತ್ತದೆ. ಕಾಯಿಕೊರಕ ಹುಳು ಬೀಳುವುದೂ ಆಗಲೇ. ಅಂಗಡಿಯವರು ತೆಲುಗಿನಲ್ಲಿ ಶನಗಪಚ್ಚ ಪುರುಗು ಎನ್ನುತ್ತಾರೆ, ನಾವು ಹಸಿರು ಹುಳು ಎನ್ನುತ್ತೇವೆ. ಹೆಸರಿಗೆ ಹಸಿರು, ಕಂದು, ಹಳದಿ ಬಣ್ಣದಲ್ಲೂ ಇರುತ್ತದೆ. ಮೈಯ ಎರಡೂ ಬದಿಯ ಉದ್ದ ಗೆರೆ ನೋಡಿ ಗುರುತಿಸಬೇಕು. ತಲೆಯನ್ನು ಕಾಯಿಯೊಳಗೆ ತೂರಿಸಿ ಅರ್ಧ ಮೈ ಹೊರಗಿಟ್ಟುಕೊಂಡು ಕಾಳು ತಿನ್ನುತ್ತದೆ. ಒಂದೇ ಹುಳು 30-40 ಕಾಯಿ ಕೆಡಿಸಬಲ್ಲದು.

ಒಂದು ವರ್ಷ ನಾವೂ ಮೋಸ ಹೋದೆವು. ತೂತಾದ ಕಾಯಿ ಕಂಡ ಮೇಲೆ ಗಾಬರಿಯಾಗಿ ಅಂಗಡಿಗೆ ಓಡಿದೆವು. ಅವರು ಹೇಳಿದಂತೆ ಎರಡು ಔಷಧಿ ಬೆರೆಸಿ, ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಹೊಡೆದೆವು. ರಾತ್ರಿಯೆಲ್ಲ ತಲೆನೋವು, ವಾಂತಿ. ಮೂರನೆಯ ದಿನ ಹೊಲಕ್ಕೆ ಹೋದರೆ ಬೆರಳುದ್ದದ ಹುಳುಗಳು ಹಾಗೇ ಇದ್ದವು. ಹುಳು ಬಲಿತ ಮೇಲೆ, ಅದರಲ್ಲೂ ಕಾಯಿಯೊಳಗೆ ತಲೆ ಇಟ್ಟ ಮೇಲೆ, ಔಷಧಿಗೆ ಸುಲಭವಾಗಿ ಸಾಯುವುದಿಲ್ಲ. 1987ರ ಹಂಗಾಮಿನಲ್ಲಿ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಇದೇ ಹುಳು ಪೈರೆತ್ರಾಯ್ಡ್ ಔಷಧಿಗಳನ್ನು ಅರಗಿಸಿಕೊಂಡಿತ್ತು. ಮೇಲಿಂದ ಮೇಲೆ ಹೊಡೆದ ರೈತರು ಸಾಲದಲ್ಲಿ ಮುಳುಗಿದರು.

ಆದ್ದರಿಂದ ಮೊಗ್ಗು ಕಾಣುತ್ತಲೇ ವಾರಕ್ಕೆ ಎರಡು ಸಲ ಬೆಳಿಗ್ಗೆ ಹೊಲ ಸುತ್ತಬೇಕು. ಚಿಗುರು, ಹೂವುಗಳ ಮೇಲೆ ಗಸಗಸೆ ಕಾಳಿನಂಥ ಹಳದಿ-ಬಿಳಿ ಮೊಟ್ಟೆಗಳು ಒಂದೊಂದಾಗಿ ಇರುತ್ತವೆ. ಮೂರು ನಾಲ್ಕು ದಿನದಲ್ಲಿ ಮರಿ ಹೊರಬರುತ್ತದೆ. ಹೊಲದ ಹತ್ತು ಕಡೆ, ಒಂದೊಂದು ಮೀಟರ್ ಸಾಲಿನ ಪಕ್ಕ ಬಿಳಿ ಪಂಚೆ ಹಾಸಿ ಗಿಡಗಳನ್ನು ಮೆಲ್ಲಗೆ ಅಲುಗಿಸಿ, ಬಿದ್ದ ಹುಳು ಎಣಿಸಿ. ಮೀಟರಿಗೆ ಸರಾಸರಿ ಒಂದು ಹುಳು ಸಿಕ್ಕರೆ ಕೈ ಹಾಕುವ ಕಾಲ ಬಂತು. ಅದಕ್ಕಿಂತ ಕಡಿಮೆಯಿದ್ದರೆ ಹಣ ಉಳಿಸಿ. ಎಕರೆಗೆ ಎರಡು ಮೋಹಕ ಬಲೆ ಕಟ್ಟಿದರೆ ಪತಂಗ ಬಂದದ್ದು ಮೊದಲೇ ತಿಳಿಯುತ್ತದೆ. ಅದರಲ್ಲಿ ಗಂಡು ಮಾತ್ರ ಬೀಳುವುದರಿಂದ ಬಲೆಯೇ ಬೆಳೆ ಕಾಯುತ್ತದೆಂದು ತಿಳಿಯಬೇಡಿ.

ಎಕರೆಗೆ 15-20 ಕವಲು ಕೋಲು ನೆಟ್ಟರೆ ಕಾಜಾಣ, ಗೊರವಂಕ ಕೂತು ಹುಳು ಹೆಕ್ಕುತ್ತವೆ. ಇದಕ್ಕೆ ಖರ್ಚೇ ಇಲ್ಲ. ಹುಳು ಸಣ್ಣದಿರುವಾಗ ಬೇವಿನ ಬೀಜದ ಕಷಾಯ ಸಾಕು. 5 ಕೆ.ಜಿ. ಬೀಜದ ತಿರುಳು ಕುಟ್ಟಿ, ರಾತ್ರಿ 10 ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ, 100 ಗ್ರಾಂ ಸೋಪಿನ ಪುಡಿ ಸೇರಿಸಿ 100 ಲೀಟರಿಗೆ ಹೆಚ್ಚಿಸಿ ಸಂಜೆ ಸಿಂಪಡಿಸಿ. ಬೀಜವನ್ನು ಬೇಸಿಗೆಯಲ್ಲೇ ಆರಿಸಿಡಬೇಕು, ಡಿಸೆಂಬರಿನಲ್ಲಿ ಹುಡುಕಿದರೆ ಸಿಗದು.

ಎನ್‌ಪಿವಿ ಎಂಬ ನಂಜಾಣುವೂ ಒಳ್ಳೆಯದು. ಎಕರೆಗೆ 100 ಎಲ್‌ಇ, 200 ಲೀಟರ್ ನೀರಿಗೆ ಒಂದು ಕೆ.ಜಿ. ಬೆಲ್ಲ ಬೆರೆಸಿ ಹೊಡೆಯಬೇಕು. ಬಿಸಿಲಿಗೆ ಕೆಡುವುದರಿಂದ ಸಂಜೆಯೇ ಸರಿ. ಐದಾರು ದಿನದಲ್ಲಿ ಹುಳುಗಳು ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತು ಸಾಯುತ್ತವೆ. ಜನಕ್ಕೂ ದನಕ್ಕೂ ಅಪಾಯವಿಲ್ಲ. ಟ್ರೈಕೊ ಕಾರ್ಡನ್ನು ಮಾತ್ರ ಕಡಲೆಗೆ ಕೊಳ್ಳಬೇಡಿ. ಕಡಲೆ ಎಲೆಯ ಹುಳಿ ಆ ಪುಟ್ಟ ಕಣಜಗಳಿಗೆ ಆಗದು.

ಇಷ್ಟಾದರೂ ಲೆಕ್ಕ ಮೀರಿದರೆ ಎಮಾಮೆಕ್ಟಿನ್ ಬೆಂಜೊಯೇಟ್ ಶೇ. 5ರ ಹರಳು, ಎಕರೆಗೆ 88 ಗ್ರಾಂ. ಅದೊಂದನ್ನೇ ಹೊಡೆಯಿರಿ, ಬೇರೆಯದನ್ನು ಬೆರೆಸಬೇಡಿ. ಕೈಗವಸು, ಮುಖಕ್ಕೆ ಬಟ್ಟೆ, ಪೂರ್ತಿ ತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ನಡೆಯಬೇಡಿ. ಹಳೆಯ ಎಂಡೋಸಲ್ಫಾನ್ ಡಬ್ಬಿ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಮುಟ್ಟಬೇಡಿ. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನರ ನೋವಿನ ನಂತರ 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು.

ಕೊನೆಯದಾಗಿ ಮನೆಯ ತಾಯಂದಿರಿಗೆ ಒಂದು ಮಾತು. ಕಡಲೆ ಸೊಪ್ಪಿನ ಪಲ್ಯ, ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ ಇಬ್ಬನಿಯಲ್ಲಿ ಹಿಂಡುವ ಕಡಲೆ ಹುಳಿ, ಮಕ್ಕಳು ಬದುವಿನಲ್ಲಿ ಕೂತು ಸುಲಿದು ತಿನ್ನುವ ಹಸಿ ಕಾಳು, ಇವೆಲ್ಲ ಔಷಧಿ ಬೀಳುವ ಮೊದಲೇ ಆಗಲಿ. ಹೊಡೆದ ಮೇಲೆ ಸೊಪ್ಪು, ಹುಳಿ ಆ ವರ್ಷಕ್ಕೆ ಬೇಡ. ಕಾಳಿಗೆ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಾಯಬೇಕು. ಪಕ್ಕದ ಹೊಲದವರಿಗೂ, ಕೂಲಿಗೆ ಬರುವ ಹೆಣ್ಣುಮಕ್ಕಳಿಗೂ ಹೊಡೆದ ದಿನವನ್ನು ತಿಳಿಸಿ, ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟಿ.