ಸ್ವಂತ ಕರ್ನಲ್ ಕಟ್ಟುವವರಿಗೆ

ನಾಸಿಕದ ಸಾತಪುರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಡೆಬಿಯನ್ ಕಂಪ್ಯೂಟರಿಗೆ ನಿಮ್ಮದೇ ಲಿನಕ್ಸ್ ಕರ್ನಲ್ ಬೇಕೆನಿಸಿದರೆ ಖಂಡಿತ ಕಟ್ಟಿಕೊಳ್ಳಿ, ಆದರೆ ಸೊನ್ನೆಯಿಂದ ಶುರು ಮಾಡಬೇಡಿ. ಸಾವಿರಾರು ಆಯ್ಕೆಗಳಿಗೆ ಡೆಬಿಯನ್‌ನವರು ಆಗಲೇ ಉತ್ತರ ಬರೆದಿಟ್ಟಿದ್ದಾರೆ. ಬೂಟ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಫೈಲೇ ಅದು. ಅದನ್ನು ನಕಲು ಮಾಡಿ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಟ್ಟರೆ ಹೊಸ ಆಯ್ಕೆಗಳು ತಾವೇ ತುಂಬಿಕೊಳ್ಳುತ್ತವೆ. ಆಮೇಲೆ ಬೇಕಾದ ಎರಡು ಮೂರನ್ನಷ್ಟೇ ಬದಲಿಸಿ. ಯಾಕೆ ಬದಲಿಸಿದಿರಿ ಎಂಬುದನ್ನು ಬರೆದಿಡಿ, ಆರು ತಿಂಗಳಾದ ಮೇಲೆ ನೆನಪಿರುವುದಿಲ್ಲ.

‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಇನ್ನೊಂದು ಮೇಕ್ ಆಯ್ಕೆಯ ವಿಷಯದಲ್ಲಿ ಮಾತ್ರ ಹುಷಾರು. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಅದು ಉಳಿಸುತ್ತದೆ. ಬಿಲ್ಡ್ ಬೇಗ ಮುಗಿಯುತ್ತದೆ, ನಿಜ. ಆದರೆ ಸಿಎನ್‌ಸಿ ಯಂತ್ರಕ್ಕೆ ಹಾಕುವ ಯುಎಸ್‌ಬಿ ಸೀರಿಯಲ್ ಕೇಬಲ್ ಅಂದು ಡ್ರಾಯರಿನಲ್ಲಿದ್ದರೆ ಅದರ ಡ್ರೈವರ್ ಹೊಸ ಕರ್ನಲ್‌ನಲ್ಲಿ ಇರುವುದೇ ಇಲ್ಲ. ಮರುದಿನ ಕೇಬಲ್ ಚುಚ್ಚಿದರೆ ‘ಟಿಟಿವೈಯುಎಸ್‌ಬಿ0’ ಕಾಣುವುದಿಲ್ಲ. ದೋಷ ಕೇಬಲ್ಲಿನದೆಂದು ಹುಡುಕುತ್ತಾ ಕೂರುತ್ತೀರಿ.

‘ಮೇಕ್ ಬಿನ್‌ಡೆಬ್-ಪಿಕೆಜಿ’ಯಿಂದ ಪ್ಯಾಕೇಜನ್ನೇ ಮಾಡಿ, ಹೆಸರಿಗೆ ನಿಮ್ಮದೊಂದು ಬಾಲ ಸೇರಿಸಿ. ಡೆಬಿಯನ್ನಿನ ಮೂಲ ಕರ್ನಲ್ಲನ್ನು ತೆಗೆಯಲೇಬೇಡಿ. ಹೊಸದು ಮೇಲೇಳದಿದ್ದರೆ ಗ್ರಬ್ ಮೆನುವಿನಲ್ಲಿ ಕೈಹಿಡಿಯುವುದು ಅದೇ. ಇನ್ನೊಂದು: ‘ಆಪ್ಟ್ ಅಪ್‌ಗ್ರೇಡ್’ ಭದ್ರತಾ ತಿದ್ದುಪಡಿ ತರುವುದು ಡೆಬಿಯನ್ ಕರ್ನಲ್ಲಿಗೆ, ನಿಮ್ಮದಕ್ಕಲ್ಲ. ಅಲ್ಲಿ ಹೊಸತು ಬಂದಾಗಲೆಲ್ಲ ನೀವೂ ಹೊಸ ಸೋರ್ಸ್ ಕೋಡ್ ತಂದು ಮತ್ತೆ ಕಟ್ಟಬೇಕು.