‘ಡಾಸ್ ಪೀಸ್’ ತಗೊಳ್ಳಬಹುದಾ?

ಪ್ರಶ್ನೆ: ಮಗಳು ಬಿ.ಕಾಂ. ಸೇರಿದ್ದಾಳೆ. ಲ್ಯಾಪ್‌ಟಾಪ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆವು. ಒಂದೇ ಮಾಡೆಲ್, ಎರಡು ರೇಟು. ಕಡಿಮೆಯದು ‘ಡಾಸ್ ಪೀಸ್’ ಅಂತೆ. ‘ವಿಂಡೋಸ್ ನಾವೇ ಹಾಕಿಕೊಡ್ತೀವಿ, ಫ್ರೀ’ ಎಂದರು. ತಗೊಳ್ಳಬಹುದಾ?
– ಓದುಗರು, ತುಮಕೂರು

ಉತ್ತರ: ಈ ಸಲ ಬೇಡ. ಬಿ.ಕಾಂ. ಅಂದಮೇಲೆ ಇವತ್ತಲ್ಲ ನಾಳೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಕಲಿಯಬೇಕಾಗುತ್ತದೆ, ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಡಾಸ್ ಪೀಸ್ ಕಳಪೆ ಮಾಲೇನೂ ಅಲ್ಲ. ಅದರಲ್ಲಿರುವುದು ಸಾಮಾನ್ಯವಾಗಿ ಫ್ರೀಡಾಸ್. ಜಿಮ್ ಹಾಲ್ 1994ರಲ್ಲಿ ಶುರು ಮಾಡಿದ ಉಚಿತ ವ್ಯವಸ್ಥೆ. ವಿಂಡೋಸ್‌ನ ದುಡ್ಡು ಸೇರಿರುವುದಿಲ್ಲ, ಅದಕ್ಕೇ ಅಗ್ಗ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುವವರಿಗೆ ಅದು ಒಳ್ಳೆಯ ವ್ಯಾಪಾರವೇ.

ನನಗೆ ಆತಂಕ ಇರುವುದು ಆ ‘ಫ್ರೀ’ ಮಾತಿನ ಬಗ್ಗೆ. ಅಂಗಡಿಯಲ್ಲಿ ನಿಂತು ಗಮನಿಸಿ: ಪೆನ್‌ಡ್ರೈವ್ ಚುಚ್ಚಿ ವಿಂಡೋಸ್ ಹಾಕಿದ ಹುಡುಗ, ದುಡ್ಡು ಕೊಡದ ವಿಂಡೋಸನ್ನು ಅಸಲಿಯೆಂದು ನಂಬಿಸುವ ‘ಆಕ್ಟಿವೇಟರ್’ ಓಡಿಸುವ ಮುಂಚೆ ವೈರಸ್ ತಡೆಯುವ ರಕ್ಷಣೆಯನ್ನೇ ಆಫ್ ಮಾಡುತ್ತಾನೆ. ಮಾಡದಿದ್ದರೆ ಅದು ಆಕ್ಟಿವೇಟರನ್ನು ಹಿಡಿದು ಅಳಿಸಿಬಿಡುತ್ತದೆ. ಎಲ್ಲಿಂದ ಬಂತೋ ಗೊತ್ತಿಲ್ಲದ ಆ ಪುಟ್ಟ ಪ್ರೋಗ್ರಾಮಿಗೆ ಇಡೀ ಯಂತ್ರದ ಬೀಗದಕೈ ಕೊಟ್ಟಂತಾಯಿತು. ಅದೇ ಯಂತ್ರದಲ್ಲಿ ನಿಮ್ಮ ಮಗಳು ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತಾಳೆ.

ಕಂಪನಿಯೇ ವಿಂಡೋಸ್ ಹಾಕಿರುವ ಪೀಸ್ ಕೇಳಿ. ಪೆಟ್ಟಿಗೆಯ ಸೀಲ್ ನಿಮ್ಮೆದುರೇ ಒಡೆಯಲಿ. ಮೊದಲ ಸಲ ಆನ್ ಮಾಡಿದಾಗ ಅದು ದೇಶ ಯಾವುದು, ಕೀಬೋರ್ಡ್ ಯಾವುದು ಎಂದು ಕೇಳಬೇಕು. ನೇರ ಡೆಸ್ಕ್‌ಟಾಪ್ ಬಂದರೆ ಯಾರೋ ಆಗಲೇ ಕೈಯಾಡಿಸಿದ್ದಾರೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಲು ಮರೆಯಬೇಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಲೇಖನ ಬರೆಯಲು, ಪತ್ರಿಕೆ ಓದಲು ಸಾಕು. ಅಂಗಡಿಯವರು ‘ಹನ್ನೊಂದು ಹಿಡಿಸೋದಿಲ್ಲ ಸಾರ್, ಹೊಸದು ತಗೊಳ್ಳಿ’ ಅಂತಾರೆ.
– ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಅವರ ಅರ್ಧ ಮಾತು ನಿಜ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ಆದರೆ ನಿಮ್ಮ ಕೆಲಸಕ್ಕೆ ಹೊಸ ಯಂತ್ರ ಬೇಕಿಲ್ಲ. ಲಿನಕ್ಸ್ ಮಿಂಟ್ ಹಾಕಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದ್ದರೆ ಚಿಂತೆ ಬೇಡ. ನುಡಿಯ ಕಗಪ ಕೀಲಿ ವಿನ್ಯಾಸ ಅಲ್ಲಿನ ಕೀಬೋರ್ಡ್ ಪಟ್ಟಿಯಲ್ಲೂ ಇದೆ.

ಒಂದೇ ತೊಡಕು, ನಿಮ್ಮ ಹಳೆಯ ಬರಹಗಳದ್ದು. ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯುನಿಕೋಡಿಗೆ ಬದಲಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಮಿಂಟನ್ನು ಮೊದಲು ಇನ್‌ಸ್ಟಾಲ್ ಮಾಡದೆ, ಇನ್ನೊಂದು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ವೈಫೈ, ಪ್ರಿಂಟರ್, ನಿಮ್ಮದೊಂದು ಲೇಖನ, ಮೂರೂ ಸರಿಯಾಗಿ ಬಂದ ಮೇಲೆ ವಿಂಡೋಸ್ ಅಳಿಸಲು ಹೇಳಿ.